ನಕ್ಷೆ ಅವರದು, ಬೆವರು ನಮ್ಮದು

ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಭಾರೀ ಪ್ರಸ್ತಾಪ ಬಂತು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಒಂದು ಯುದ್ಧ ಟ್ಯಾಂಕ್ ತಂದು ನಿಲ್ಲಿಸಬೇಕಂತೆ. ಸೇನೆ ನಿವೃತ್ತಿ ಮಾಡಿದ ಹಳೇ ಟ್ಯಾಂಕುಗಳು ಎಷ್ಟೋ ಊರುಗಳಲ್ಲಿ ನಿಂತಿವೆ, ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲೂ ಒಂದಿದೆ, ನಮಗ್ಯಾಕೆ ಬೇಡ? 1965ರ ಯುದ್ಧಕಾಲದ ಪ್ರಧಾನಿಯ ಹೆಸರಿನ ಸರ್ಕಲ್ಲು, ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಹತ್ತು ನಿಮಿಷದಲ್ಲಿ ಬೈಂದೂರಿನವನು ‘ನಮಗೂ ಒಂದ್ ಬೇಕ್’ ಅಂದ, ಬ್ರಹ್ಮಾವರದವನು ‘ಹಂಗಾರೆ ನಮಗೆಂತಕ್ ಬ್ಯಾಡ’ ಅಂದ. ನಾನು ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, ‘ಟ್ಯಾಂಕ್ ಬತ್ತಾ? ಒಳ್ಳೇದಾಯ್ತ್, ಬೇಸಿಗೀಲ್ ನೀರಿಲ್ಲ’ ಅಂದರು.

ಯಾವ ಟ್ಯಾಂಕ್ ಅಂತ ಕೇಳಿದೆ. ಉತ್ತರ ಬಂತು: ‘ವಿಜಯಂತ. ನಮ್ಮದೇ ಟ್ಯಾಂಕ್. ನೂರಕ್ಕೆ ನೂರು ಸ್ವದೇಶಿ.’ ಕೆಳಗೆ ಹದಿನೇಳು ಬಾವುಟ.

ಅಲ್ಲಿಗೆ ನನಗೆ ತುರಿಕೆ ಶುರುವಾಯಿತು. ಟ್ಯಾಂಕ್ ನಿಲ್ಲಿಸುವುದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಆ ‘ನಮ್ಮದೇ’ ಎಂಬ ಮಾತಿಗೆ. ವಿಜಯಂತ ನಮ್ಮ ಹೆಮ್ಮೆಯೂ ಹೌದು, ನಮಗೆ ಅದು ಹೇಳಿದ ಪಾಠವೂ ಹೌದು. ಹೆಮ್ಮೆಯನ್ನು ಫಾರ್ವರ್ಡ್ ಮಾಡುತ್ತಾ ಪಾಠವನ್ನು ಡಿಲೀಟ್ ಮಾಡಿದ್ದೇವೆ. ಹಾಗೆ ಮಾಡಿದ್ದರ ಬೆಲೆಯನ್ನು ಇವತ್ತಿಗೂ ಕಟ್ಟುತ್ತಿದ್ದೇವೆ. ನಾನಂತೂ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ.

ಕತೆ ಸ್ವಲ್ಪ ಹಿಂದಿನಿಂದ ಶುರು ಮಾಡ್ತೇನೆ.

ಬ್ರಿಟನ್ನಿನ ಸೆಂಚುರಿಯನ್ ಟ್ಯಾಂಕಿನ ಕೆಲಸ ಶುರುವಾದದ್ದು ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ. ಮೊದಲ ಮಾದರಿಗಳು ಯುರೋಪ್ ತಲುಪಿದ್ದು 1945ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಹಿಟ್ಲರ್ ಸತ್ತು ಯುದ್ಧ ಮುಗಿದಿತ್ತು. ಮದುವೆ ಮುಗಿದ ಮೇಲೆ ಬಂದ ವಾಲಗದವರ ಹಾಗೆ. ಆದರೆ ತಡವಾಗಿ ಬಂದ ಆ ಟ್ಯಾಂಕ್ ಮುಂದಿನ ಹಲವು ಯುದ್ಧಗಳಲ್ಲಿ ಗೆದ್ದಿತು. ಯಾಕೆ ಗೊತ್ತಾ? ಅದನ್ನು ಬದಲಾಯಿಸುತ್ತಾ ಹೋದರು. ಮೊದಲು 17 ಪೌಂಡರ್ ತೋಪು, ಆಮೇಲೆ 20 ಪೌಂಡರ್, ಆಮೇಲೆ 105 ಮಿಲಿಮೀಟರಿನ ಎಲ್7 ತೋಪು. ಸುಮಾರು 4,400 ಟ್ಯಾಂಕುಗಳು ತಯಾರಾದವು, ಒಂದಾದ ಮೇಲೊಂದರಂತೆ ಹದಿಮೂರು ಮಾರ್ಕುಗಳು ಬಂದವು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹದಿಮೂರು ರಿಲೀಸ್.

ಭಾರತವೂ ಸೆಂಚುರಿಯನ್ ಕೊಂಡಿತು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ 3ನೇ ಕ್ಯಾವಲ್ರಿಯ ಸೆಂಚುರಿಯನ್‌ಗಳು, ಡೆಕ್ಕನ್ ಹಾರ್ಸ್‌ನ ಹಳೇ ಶೆರ್ಮನ್‌ಗಳು, ಜೀಪಿನ ಮೇಲೆ ತೋಪು ಕಟ್ಟಿಕೊಂಡ ಅಬ್ದುಲ್ ಹಮೀದ್ ಅವರಂಥವರು ಸೇರಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಕಬ್ಬಿನ ಗದ್ದೆಗಳ ಕೆಸರಿನಲ್ಲಿ ಮಲಗಿಸಿದರು. ಪ್ಯಾಟನ್ ಆಗಿನ ಕಾಲಕ್ಕೆ ಹೆಚ್ಚು ಆಧುನಿಕ. ಅದೇ ಸೆಪ್ಟೆಂಬರಿನಲ್ಲಿ ಸಿಯಾಲ್‌ಕೋಟ್ ರಂಗದಲ್ಲಿ ಪೂನಾ ಹಾರ್ಸ್‌ನ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಪ್ರಾಣ ಕೊಟ್ಟರು. 1971ರ ಡಿಸೆಂಬರ್ 16ರಂದು ಬಸಂತರ್‌ನಲ್ಲಿ ಅದೇ ರೆಜಿಮೆಂಟಿನ ಇಪ್ಪತ್ತೊಂದು ವರ್ಷದ ಅರುಣ್ ಖೇತರ್ಪಾಲ್. ಇಬ್ಬರಿಗೂ ಪರಮವೀರ ಚಕ್ರ, ಇಬ್ಬರೂ ಹೋರಾಡಿದ್ದು ಸೆಂಚುರಿಯನ್‌ನಲ್ಲಿ. ಸರ್ಕಲ್ಲಿನಲ್ಲಿ ಯಾವುದಾದರೂ ಟ್ಯಾಂಕ್ ನಿಲ್ಲಬೇಕು ಎಂದಾದರೆ ಅದೇ ನಿಲ್ಲಲಿ. ಆದರೆ ಅದು ‘ಸ್ವದೇಶಿ’ ಅಲ್ಲವಲ್ಲ, ಗುಂಪಿನಲ್ಲಿ ಬಾವುಟ ಬೀಳುವುದಿಲ್ಲ.

ಈಗ ವಿಜಯಂತಕ್ಕೆ ಬರೋಣ. 1961ರಲ್ಲಿ ಭಾರತ ಸರ್ಕಾರ ಬ್ರಿಟನ್ನಿನ ವಿಕರ್ಸ್ ಕಂಪೆನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ವಿಕರ್ಸ್ ನಮಗಾಗಿ ಒಂದು ಹಗುರ ಟ್ಯಾಂಕ್ ವಿನ್ಯಾಸ ಮಾಡುತ್ತದೆ, ಮೊದಲ ಕೆಲವನ್ನು ಅಲ್ಲೇ ಕಟ್ಟಿ ಕೊಡುತ್ತದೆ, ಉಳಿದದ್ದನ್ನು ನಾವು ಮದ್ರಾಸಿನ ಹತ್ತಿರದ ಆವಡಿಯಲ್ಲಿ ಹೊಸ ಕಾರ್ಖಾನೆ ಹಾಕಿ ಕಟ್ಟಿಕೊಳ್ಳುವುದು. 1963ರಲ್ಲಿ ಮೊದಲ ಮಾದರಿ ಸಿದ್ಧವಾಯಿತು, 1965ರಲ್ಲಿ ಟ್ಯಾಂಕ್ ಸೇವೆಗೆ ಬಂತು. ಸುಮಾರು 39 ಟನ್, ನಾಲ್ಕು ಮಂದಿ ಸಿಬ್ಬಂದಿ, ಸೆಂಚುರಿಯನ್‌ಗೆ ಹೆಸರು ತಂದುಕೊಟ್ಟ ಅದೇ ಎಲ್7 ತೋಪು. 1983ರವರೆಗೆ ಸುಮಾರು 2,200 ವಿಜಯಂತಗಳು ತಯಾರಾದವು.

ಇದೇನೂ ಸಣ್ಣ ಕೆಲಸ ಅಲ್ಲ, ಮೊದಲೇ ಹೇಳಿಬಿಡ್ತೇನೆ. ಕಾರು ಬೇಕಾದರೆ ವರ್ಷಗಟ್ಟಲೆ ಕಾಯಬೇಕಿದ್ದ ದೇಶ ಟ್ಯಾಂಕ್ ಕಟ್ಟಿತು. ಆವಡಿಯ ಫಿಟ್ಟರುಗಳಿಗೆ, ವೆಲ್ಡರುಗಳಿಗೆ ನನ್ನ ನಮಸ್ಕಾರ. ನನ್ನ ಜಗಳ ಅವರ ಜೊತೆಗಲ್ಲ, ಅವರ ಕೈಗೆ ನಕ್ಷೆ ಕೊಟ್ಟು ಪೆನ್ಸಿಲ್ ಕೊಡದವರ ಜೊತೆಗೆ.

ಆ ಟ್ಯಾಂಕಿನ ಹೊಟ್ಟೆಯಲ್ಲಿದ್ದ ಎಂಜಿನ್ ಹೆಸರು ಲೇಲ್ಯಾಂಡ್ ಎಲ್60. ಬ್ರಿಟನ್ ತನ್ನ ದೊಡ್ಡ ಟ್ಯಾಂಕ್ ಚೀಫ್ಟನ್‌ಗಾಗಿ ಮಾಡಿದ್ದು. ಅದರ ಹಿಂದೆ ಒಂದು ಮೀಟಿಂಗಿನ ಕತೆ ಇದೆ. 1957ರಲ್ಲಿ ನೇಟೋ ದೇಶಗಳು ಒಂದು ನೀತಿ ಮಾಡಿದವು: ಯುದ್ಧಕಾಲದಲ್ಲಿ ಯಾವ ಇಂಧನ ಸಿಗುತ್ತದೋ ಹೇಳಲಾಗದು, ಆದ್ದರಿಂದ ಎಂಜಿನ್ ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಯಾವುದರಲ್ಲಾದರೂ ಓಡಬೇಕು. ಕಾಗದದ ಮೇಲೆ ಎಷ್ಟು ಚಂದ! ಆ ಒಂದು ಸಾಲಿಗಾಗಿ ಲೇಲ್ಯಾಂಡಿನವರು ಎದುರುಬದುರು ಪಿಸ್ಟನ್ನಿನ ಎಂಜಿನ್ ಮಾಡಿದರು. ಆರು ಸಿಲಿಂಡರ್, ಪ್ರತಿ ಸಿಲಿಂಡರಿನಲ್ಲಿ ಎದುರೆದುರಾಗಿ ಎರಡು ಪಿಸ್ಟನ್, ಒಟ್ಟು ಹನ್ನೆರಡು. ಮೇಲೊಂದು ಕೆಳಗೊಂದು ಕ್ರ್ಯಾಂಕ್‌ಶಾಫ್ಟ್, ಎರಡನ್ನೂ ಜೋಡಿಸಲು ಗೇರುಗಳ ಸಾಲು. ಸಿಲಿಂಡರಿನ ಲೈನರ್ ಬಿರುಕು ಬಿಡುವುದು, ಸೀಲ್ ಸೋರುವುದು, ಫ್ಯಾನಿನ ಡ್ರೈವ್ ಕೆಡುವುದು, ಒಂದಾದ ಮೇಲೊಂದು ರಗಳೆ. 700 ಅಶ್ವಶಕ್ತಿ ಕೊಡಬೇಕಾದ ಎಂಜಿನ್ ಶುರುವಿನಲ್ಲಿ ಕೊಟ್ಟದ್ದು 585. ಕೆಟ್ಟು ನಿಲ್ಲುವಾಗ ಸರಿಯಾದ ಜಾಗದಲ್ಲೇ ನಿಂತರೆ ಚೀಫ್ಟನ್‌ನಂಥ ಟ್ಯಾಂಕ್ ಇನ್ನೊಂದಿಲ್ಲ ಎಂಬ ಕುಹಕ ಓಡಾಡಿತು. ಅದನ್ನು ಸುಧಾರಿಸಿ 750ರ ಹತ್ತಿರ ತರುವಾಗ 1970ರ ದಶಕ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಎಷ್ಟೋ ದೇಶಗಳು ‘ಯಾವ ಇಂಧನವಾದರೂ’ ಎಂಬ ಹಟವನ್ನೇ ಬಿಟ್ಟು ಸುಮ್ಮನೆ ಡೀಸೆಲ್ ಎಂಜಿನ್ ಹಾಕಿಕೊಂಡಿದ್ದವು.

ಸಾಫ್ಟ್‌ವೇರಿನಲ್ಲಿರುವವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಒಬ್ಬರು ಸ್ಲೈಡಿನಲ್ಲಿ ಒಂದು ಸಾಲು ಬರೆಯುತ್ತಾರೆ. ಅದನ್ನು ಹೊತ್ತುಕೊಂಡು ಹತ್ತು ವರ್ಷ ರಾತ್ರಿಪಾಳಿ ಮಾಡುವವರು ಬೇರೆ.

ಇನ್ನೂ ತಮಾಷೆ ಮುಂದಿದೆ. ನಮ್ಮ ಟ್ಯಾಂಕಿನ ವಿನ್ಯಾಸ ಮಾಡಿದ ವಿಕರ್ಸ್ ಕಂಪೆನಿ ಅದೇ ಟ್ಯಾಂಕಿನ ಮುಂದಿನ ಆವೃತ್ತಿಯಾದ ಮಾರ್ಕ್ 3 ತಯಾರಿಸಿ ಕೀನ್ಯಾಕ್ಕೆ, ನೈಜೀರಿಯಾಕ್ಕೆ ಮಾರಿತು. ಅದರಲ್ಲಿ ಎಲ್60 ಇಲ್ಲ! ಅದನ್ನು ತೆಗೆದು ಅಮೆರಿಕದ ಡೆಟ್ರಾಯಿಟ್ ಡೀಸೆಲ್ ಎಂಜಿನ್ ಕೂರಿಸಿದ್ದರು. ಮಾಡಿದವನೇ ಕೈಬಿಟ್ಟ ಎಂಜಿನ್ನನ್ನು ನಾವು 1983ರವರೆಗೂ ನಿಷ್ಠೆಯಿಂದ ಕೂರಿಸುತ್ತಾ ಹೋದೆವು. ನಮ್ಮ ಬಿಸಿಲಿನಲ್ಲಿ ಅದು ಕಾದು ಕೆಂಪಾಗುತ್ತದೆ ಎಂದು ಓಡಿಸುವವರಿಗೆ ಗೊತ್ತಿತ್ತು. ಬೇರೆ ಎಂಜಿನ್ ಹಾಕಿ ನೋಡುವ ಯತ್ನಗಳು ಆಮೇಲೆ ಆದವು, ಆದರೆ ಅಷ್ಟರಲ್ಲಿ ಟ್ಯಾಂಕಿಗೇ ವಯಸ್ಸಾಗಿತ್ತು.

ಅತ್ತ ಇಸ್ರೇಲಿನವರನ್ನು ನೋಡಿ. ಅವರೂ ಸೆಂಚುರಿಯನ್ ಕೊಂಡವರೇ. ಅದರ ಮೀಟಿಯರ್ ಪೆಟ್ರೋಲ್ ಎಂಜಿನ್ ಮರುಭೂಮಿಗೆ ಆಗದು ಎಂದು ಗೊತ್ತಾದಾಗ ಟ್ಯಾಂಕಿನ ಹಿಂಭಾಗ ಕತ್ತರಿಸಿ, ದೊಡ್ಡದು ಮಾಡಿ, ಅಮೆರಿಕದ ಕಾಂಟಿನೆಂಟಲ್ ಡೀಸೆಲ್ ಕೂರಿಸಿದರು. 1973ರಲ್ಲಿ ಗೋಲನ್ ಬೆಟ್ಟಗಳಲ್ಲಿ ಸಿರಿಯಾದ ದಂಡನ್ನು ತಡೆದದ್ದು ಆ ಟ್ಯಾಂಕುಗಳು. ಎಂಜಿನ್ ಅವರದೂ ಅಲ್ಲ, ಟ್ಯಾಂಕೂ ಅವರದಲ್ಲ. ಆದರೆ ಕತ್ತರಿಸುವ ಧೈರ್ಯ ಅವರದು. ಹಾಗೆ ಕತ್ತರಿಸಿ ಜೋಡಿಸಿ ಕಲಿತವರು 1979ರಲ್ಲಿ ತಮ್ಮದೇ ಮರ್ಕಾವಾ ಟ್ಯಾಂಕನ್ನು ಸೇನೆಗೆ ಕೊಟ್ಟರು.

ಈ ಕತ್ತರಿಸುವ ಧೈರ್ಯ ನಾನು ಚಿಕ್ಕಂದಿನಲ್ಲೇ ಕಂಡಿದ್ದೆ, ಗಂಗೊಳ್ಳಿಯಲ್ಲಿ.

ನನ್ನ ಸಣ್ಣ ಮಾವ ಬೋಟ್ ಎಂಜಿನ್ ಮೆಕ್ಯಾನಿಕ್. ಓದಿದ್ದು ಏಳನೇ ಕ್ಲಾಸ್. ಬೇಸಿಗೆ ರಜೆಯಲ್ಲಿ ಅವರ ಜೊತೆ ಬಂದರಿಗೆ ಹೋಗುವುದೇ ನನಗೆ ಹಬ್ಬ. ನಮ್ಮ ಕಡೆಯ ಮೀನಿನ ಬೋಟುಗಳಲ್ಲಿ ಲೇಲ್ಯಾಂಡ್ ಎಂಜಿನ್ ಮಾಮೂಲು. ಹೌದು, ಅದೇ ಲೇಲ್ಯಾಂಡ್ ಹೆಸರು. ಮದ್ರಾಸಿನ ಅಶೋಕ್ ಮೋಟಾರ್ಸ್ ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತಲ್ಲ, ಅದರದ್ದು. ಟ್ಯಾಂಕಿನ ಹನ್ನೆರಡು ಪಿಸ್ಟನ್ನಿನ ರಗಳೆ ಅದಕ್ಕಿಲ್ಲ, ಇದು ಲಾರಿಗೆ ಬಸ್ಸಿಗೆ ಹಾಕುವ ನೇರ ಸ್ವಭಾವದ ಡೀಸೆಲ್.

ಲಾರಿಯ ಎಂಜಿನ್ನನ್ನು ಹಾಗೇ ಎತ್ತಿ ಬೋಟಿಗೆ ಇಡಲು ಬರುವುದಿಲ್ಲ. ಲಾರಿ ಓಡುವಾಗ ರೇಡಿಯೇಟರಿಗೆ ಗಾಳಿ ಸಿಗುತ್ತದೆ, ಬೋಟಿನ ಹೊಟ್ಟೆಯಲ್ಲಿ ಎಲ್ಲಿಯ ಗಾಳಿ? ಸಮುದ್ರದ ನೀರಿನಿಂದಲೇ ತಂಪು ಮಾಡಬೇಕು, ಉಪ್ಪುನೀರು ಎಂಜಿನ್ನಿನ ಒಳಗೆ ಹೋಗಿ ತುಕ್ಕು ತಿನ್ನಬಾರದು. ಗೇರ್ ಬಾಕ್ಸ್ ಬೇರೆ, ಬುನಾದಿ ಬೇರೆ, ಅಲುಗಾಟ ಬೇರೆ. ಮಾವ ಮತ್ತು ಅವರಂಥ ಹತ್ತಾರು ಮಂದಿ ಇದನ್ನೆಲ್ಲ ಕೈಯಲ್ಲೇ ಕಲಿತವರು. ಪೈಪ್ ಬಗ್ಗಿಸಿ, ಬ್ರಾಕೆಟ್ ಬೆಸೆದು, ಕೆಟ್ಟರೆ ಬಿಚ್ಚಿ ಇನ್ನೊಂದು ರೀತಿ ಮಾಡಿ. ಒಂದು ದಿನ ನಾನು, ಆಗಷ್ಟೇ ಇಂಗ್ಲಿಷ್ ಓದಲು ಕಲಿತ ಜಂಬದಲ್ಲಿ, ಮ್ಯಾನ್ಯುಯಲ್ ಹಿಡಿದು, ‘ಮಾವ, ಇದ್ರಂಗ್ ಹೀಂಗಿಲ್ಲ’ ಅಂದೆ. ಮಾವ ತಲೆ ಎತ್ತದೆ ಹೇಳಿದರು: ‘ಮಾಣಿ, ಪುಸ್ತಕ ಬರ್ದವ ಸಮುದ್ರಕ್ ಹೋತಿಲ್ಲ. ನಾವ್ ಹೋಪ್ದ್.’

ನೀವು ಅದನ್ನು ಜುಗಾಡ್ ಅಂತ ಕರೆದು ನಗಬಹುದು. ಜುಗಾಡ್ ಅಲ್ಲ ಮಾರಾಯ್ರೆ. ಬೋಟು ನಡುಸಮುದ್ರದಲ್ಲಿ ನಿಂತರೆ ಏಳೆಂಟು ಜನರ ಜೀವದ ಪ್ರಶ್ನೆ. ಬೇರೆಯವರು ಮಾಡಿದ ಯಂತ್ರ ನಮ್ಮ ನೀರಿನಲ್ಲಿ ಯಾಕೆ ಕೆಡುತ್ತದೆ ಎಂದು ಕಂಡುಹಿಡಿದು ಅದನ್ನು ಬದಲಾಯಿಸುವುದಕ್ಕೆ ಎಂಜಿನಿಯರಿಂಗ್ ಎನ್ನುತ್ತಾರೆ. ಯಂತ್ರ ಕೆಟ್ಟರೆ ಕೊಟ್ಟವರಿಗೆ ಪತ್ರ ಬರೆದು ಕಾಯುವುದಕ್ಕೆ ಬೇರೆ ಹೆಸರಿದೆ.

ಈಗ ನನ್ನ ಪುರಾಣ. ಮಾವನನ್ನು ನೋಡಿಯೇ ನಾನು ಬಿಇ ಮೆಕ್ಯಾನಿಕಲ್ ಸೇರಿದ್ದು. ಕೊನೆಯ ವರ್ಷ ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪೆನಿ ನಮ್ಮ ಕ್ಲಾಸಿನ ಅರ್ಧಕ್ಕರ್ಧ ಜನರನ್ನು ಬುಟ್ಟಿಯಲ್ಲಿ ಬಂಗುಡೆ ತುಂಬಿದ ಹಾಗೆ ತುಂಬಿಕೊಂಡು ಬೆಂಗಳೂರಿಗೆ ತಂದಿತು. ಹನ್ನೆರಡು ವರ್ಷ ಆಯಿತು. ಹೆಚ್ಚಿನ ಕಾಲ ಬ್ರಿಟನ್ನಿನ ಒಬ್ಬ ಗ್ರಾಹಕನ ಹಳೇ ಕೋಡನ್ನು ಕಾಯುವ ಕೆಲಸ. ಒಮ್ಮೆ ಪದೇ ಪದೇ ಬೀಳುವ ಒಂದು ದೋಷದ ಮೂಲ ಹುಡುಕಿದೆ. ಅದಿದ್ದದ್ದು ವಿನ್ಯಾಸದಲ್ಲೇ. ಎರಡು ವಾರಾಂತ್ಯ ಕೂತು ಬದಲಿ ವಿನ್ಯಾಸ ಬರೆದು ತೋರಿಸಿದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಪೂರ್ತಿ ಓದಿ ಹೇಳಿದರು: ‘ಚೆನ್ನಾಗಿದೆ. ಆದರೆ ಇದು ನಮ್ಮ ಸ್ಕೋಪ್ ಅಲ್ಲ. ಟಿಕೆಟ್ ಕ್ಲೋಸ್ ಮಾಡಿ.’ ನಾಲ್ಕು ವರ್ಷದ ನಂತರ ಗ್ರಾಹಕ ಆ ಇಡೀ ವ್ಯವಸ್ಥೆಯನ್ನೇ ಎಸೆದು ಬೇರೆ ಉತ್ಪನ್ನ ಕೊಂಡ. ನಲವತ್ತು ಜನರ ನಮ್ಮ ತಂಡ ಚದುರಿತು. ಅಷ್ಟೂ ವರ್ಷ ಅದರೊಳಗೇ ಬದುಕಿದ್ದ ನಲವತ್ತು ಜನರಲ್ಲಿ, ಅಂಥದ್ದೊಂದನ್ನು ಖಾಲಿ ಹಾಳೆಯಿಂದ ಕಟ್ಟು ಅಂದರೆ ಕಟ್ಟಬಲ್ಲವರು ಎಷ್ಟು ಜನ? ನಾನಂತೂ ಅಲ್ಲ.

ನಾವೆಲ್ಲ ವಿಜಯಂತ ಕಟ್ಟುತ್ತಿರುವವರು. ಅದಕ್ಕೇ ಆ ‘ನೂರಕ್ಕೆ ನೂರು ಸ್ವದೇಶಿ’ ನೋಡಿದಾಗ ನನಗೆ ಉರಿದದ್ದು.

ಆವಡಿಯಲ್ಲೂ ಹೀಗೇ ಆಯಿತು. ಕಾರ್ಖಾನೆ ಬಂದದ್ದು 1960ರ ದಶಕದಲ್ಲಿ. ಟ್ಯಾಂಕ್ ವಿನ್ಯಾಸಕ್ಕೆಂದೇ ಇರುವ ಸಿವಿಆರ್‌ಡಿಇ ಸಂಸ್ಥೆ ಅಲ್ಲಿ ನೆಲೆ ನಿಂತದ್ದು 1970ರ ದಶಕದಲ್ಲಿ. ನಮ್ಮದೇ ಟ್ಯಾಂಕ್ ಅರ್ಜುನ್‌ಗೆ ಮಂಜೂರಾತಿ ಸಿಕ್ಕಿದ್ದು 1974ರಲ್ಲಿ. ಎಂಜಿನ್ನನ್ನೂ ನಾವೇ ಮಾಡ್ತೇವೆ ಎಂದು ಹೊರಟರು, ಆಗಲಿಲ್ಲ. ಜರ್ಮನಿಯ ಎಂಟಿಯು ಕಂಪೆನಿಯ 1,400 ಅಶ್ವಶಕ್ತಿಯ ಎಂಜಿನ್ ತರಿಸಬೇಕಾಯಿತು. ಸೇನೆ ಮೊದಲ 124 ಅರ್ಜುನ್‌ಗಳಿಗೆ ಆರ್ಡರ್ ಕೊಟ್ಟದ್ದು 2000ದಲ್ಲಿ. ಮಂಜೂರಾತಿಯಿಂದ ಆರ್ಡರಿಗೆ ಇಪ್ಪತ್ತಾರು ವರ್ಷ! ಈ ನಡುವೆ ಆವಡಿಯಲ್ಲಿ ರಷ್ಯದ ನಕ್ಷೆಯ ಟಿ-72 ಕಟ್ಟಿದೆವು, ‘ಅಜೇಯ’ ಎಂದು ಹೆಸರಿಟ್ಟೆವು. 2001ರಲ್ಲಿ ಟಿ-90 ಕೊಂಡೆವು, ‘ಭೀಷ್ಮ’ ಎಂದು ಹೆಸರಿಟ್ಟೆವು. ಹೆಸರಿಡುವುದರಲ್ಲಿ ಮಾತ್ರ ನಾವು ಯಾವತ್ತೂ ವಿದೇಶೀ ನೆರವು ಕೇಳಿದವರಲ್ಲ.

ಇದನ್ನೆಲ್ಲ ಗುಂಪಿನಲ್ಲಿ ಬರೆದೆ. ಮೂರು ಆಕ್ಷೇಪ ಬಂದವು.

ಮೊದಲನೆಯದು: ‘1961ರಲ್ಲಿ ಲೈಸೆನ್ಸ್ ಬಿಟ್ಟು ಬೇರೆ ದಾರಿ ಇತ್ತಾ?’ ಇರಲಿಲ್ಲ, ಒಪ್ಪಿದೆ. ಮರುವರ್ಷವೇ ಚೀನಾ ಯುದ್ಧ ಬಂತು. ನಕ್ಷೆ ತಂದದ್ದು ತಪ್ಪಲ್ಲ. ನಕ್ಷೆಯನ್ನು ದೇವರಪಟದ ಹಾಗೆ ಗೋಡೆಗೆ ತೂಗುಹಾಕಿದ್ದು ತಪ್ಪು. ಬದಲಾಯಿಸಲು ಬಿಟ್ಟಾಗ ನಮ್ಮವರು ಮಾಡಿ ತೋರಿಸಿದ ಉದಾಹರಣೆಯೂ ಇದೆ. ವಿಜಯಂತದ ಒಡಲನ್ನೇ ತೆಗೆದುಕೊಂಡು ಅದರ ಮೇಲೆ ಸೋವಿಯತ್‌ನ 130 ಮಿಲಿಮೀಟರ್ ಎಂ-46 ತೋಪು ಕೂರಿಸಿ ‘ಕ್ಯಾಟಪಲ್ಟ್’ ಎಂಬ ಚಲಿಸುವ ಫಿರಂಗಿ ಮಾಡಿದರು. ಬ್ರಿಟಿಷ್ ಕೆಳಭಾಗ, ರಷ್ಯನ್ ಮೇಲ್ಭಾಗ, ಜೋಡಿಸಿದ ತಲೆ ನಮ್ಮದು. ಗಂಗೊಳ್ಳಿಯ ಬುದ್ಧಿ ಆವಡಿಯಲ್ಲೂ ಇತ್ತು, ಆದರೆ ಅದಕ್ಕೆ ಅಪರೂಪಕ್ಕೆ ಅವಕಾಶ ಸಿಕ್ಕಿತು.

ಎರಡನೆಯದು: ‘ಎಂಜಿನ್ ಎಲ್ಲರೂ ಆಮದು ಮಾಡ್ತಾರೆ, ಅದರಲ್ಲಿ ಅವಮಾನ ಏನು?’ ಅವಮಾನ ಏನಿಲ್ಲ, ಮರ್ಕಾವಾದ ಎಂಜಿನ್ನೂ ಹೊರಗಿನದ್ದೇ. ಆದರೆ ಬಾಗಿಲ ಚಿಲಕ ಯಾರ ಕೈಯಲ್ಲಿ ಎಂಬುದೊಂದಿದೆ. ಲಡಾಖಿಗೆಂದು ಮಾಡಿದ ಹಗುರ ಟ್ಯಾಂಕ್ ಜೊರಾವರ್‌ಗೆ ಜರ್ಮನ್ ಎಂಜಿನ್ ಹಾಕುವುದೆಂದಿತ್ತು. ಅಲ್ಲಿಯ ಸರ್ಕಾರದ ರಫ್ತು ಅನುಮತಿ ತಡವಾಯಿತು. ಕೊನೆಗೆ ಅಮೆರಿಕದ ಕಮಿನ್ಸ್ ಎಂಜಿನ್ ಕೂರಿಸಬೇಕಾಯಿತು. ಗಡಿಯಲ್ಲಿ ತುರ್ತು, ಬರ್ಲಿನ್ನಿನಲ್ಲಿ ಫೈಲು.

ಮೂರನೆಯದು, ಸಿಟ್ಟಿನದ್ದು: ‘ನಿಂಗೆ ಬ್ರಿಟಿಷರೇ ದೊಡ್ಡೋರು.’ ಅಯ್ಯೋ, ಬ್ರಿಟಿಷರ ಗತಿಯನ್ನೂ ಹೇಳಿಬಿಡ್ತೇನೆ. ಜಗತ್ತಿನಲ್ಲಿ ಮೊದಲು ಟ್ಯಾಂಕನ್ನು ಯುದ್ಧಕ್ಕೆ ಇಳಿಸಿದವರು ಅವರು, 1916ರಲ್ಲಿ. ಎಲ್7 ತೋಪನ್ನು ಅರ್ಧ ಜಗತ್ತಿಗೆ ಕೊಟ್ಟವರು. ಚಾಲೆಂಜರ್ 2 ತಯಾರಿಕೆ 2002ರಲ್ಲಿ ಮುಗಿಯಿತು. ವಿಕರ್ಸ್ ಕೈ ಬದಲಾಗಿ ಬಿಎಇ ಪಾಲಾಯಿತು, ನ್ಯೂಕ್ಯಾಸಲ್ಲಿನ ಟ್ಯಾಂಕ್ ಕಾರ್ಖಾನೆ ಬಾಗಿಲು ಹಾಕಿತು. ಈಗ 148 ಚಾಲೆಂಜರ್ 3 ಟ್ಯಾಂಕುಗಳನ್ನು ಮಾಡಿಕೊಳ್ಳುತ್ತಿದ್ದಾರೆ. ಹಳೇ ಟ್ಯಾಂಕುಗಳನ್ನೇ ಹೊಸದಾಗಿಸುವುದು, ತೋಪು ಮಾತ್ರ ಜರ್ಮನಿಯ ರೈನ್‌ಮೆಟಲ್‌ದು. ವಿದ್ಯೆ ಬ್ಯಾಂಕಿನ ಠೇವಣಿಯ ಹಾಗಲ್ಲ, ಇಟ್ಟಲ್ಲಿ ಬೆಳೆಯುವುದಿಲ್ಲ. ಗದ್ದೆಯ ಹಾಗೆ, ಎರಡು ವರ್ಷ ಹಡೀಲು ಬಿಟ್ಟರೆ ಕಳೆ ಮುಚ್ಚುತ್ತದೆ. ನಮ್ಮೂರಲ್ಲಿ ಹಡೀಲು ಗದ್ದೆ ಎಷ್ಟಿವೆ ಎಂದು ನಿಮಗೇ ಗೊತ್ತು, ಅದರ ಮಾಲೀಕರು ನನ್ನ ಜೊತೆ ಇದೇ ಗುಂಪಿನಲ್ಲಿದ್ದಾರೆ.

ಹಾಗಂತ ಬರೀ ಗೋಳು ಅಲ್ಲ. 2024ರ ಮಾರ್ಚ್ 20ರಂದು ಮೈಸೂರಿನಲ್ಲಿ ಒಂದು ಘಟನೆ ನಡೆಯಿತು. ಬೆಮೆಲ್‌ನ ಎಂಜಿನ್ ವಿಭಾಗದಲ್ಲಿ 1,500 ಅಶ್ವಶಕ್ತಿಯ ಎಂಜಿನ್ ಒಂದನ್ನು ಮೊದಲ ಬಾರಿಗೆ ಚಾಲೂ ಮಾಡಿದರು. ಯುದ್ಧ ಟ್ಯಾಂಕಿಗೆಂದು ದೇಶದಲ್ಲೇ ತಯಾರಾದ ಮೊದಲ 1,500 ಅಶ್ವಶಕ್ತಿಯ ಎಂಜಿನ್. ಐದು ಸಾವಿರ ಮೀಟರ್ ಎತ್ತರದಲ್ಲಿ, ಮೈನಸ್ 40ರಿಂದ 55 ಡಿಗ್ರಿಯವರೆಗಿನ ಹವೆಯಲ್ಲಿ ಓಡಬೇಕೆಂಬುದು ಗುರಿ. ಅಂದರೆ ಲಡಾಖೂ ಆಗಬೇಕು, ರಾಜಸ್ಥಾನವೂ ಆಗಬೇಕು. ಅಗತ್ಯದ ಪಟ್ಟಿಯನ್ನು ಈ ಸಲ ನಮ್ಮ ನೆಲ ನೋಡಿ ಬರೆದಿದ್ದಾರೆ. ವಿಜಯಂತ ಸೇವೆಗೆ ಬಂದ 1965ರಿಂದ ಲೆಕ್ಕ ಹಾಕಿ: ಐವತ್ತೊಂಬತ್ತು ವರ್ಷ.

ಪರೀಕ್ಷೆಯ ಹಾಸಿಗೆಯ ಮೇಲೆ ಒಮ್ಮೆ ಗುಡುಗಿದ ಎಂಜಿನ್ ರಣರಂಗಕ್ಕೆ ಹೋಗಲು ಇನ್ನೂ ಬಹಳ ದೂರ ಇದೆ. ಲೈನರ್ ಬಿರುಕು ಬಿಡಬಹುದು, ಸೀಲ್ ಸೋರಬಹುದು. ಸೋರಲಿ ಬಿಡಿ. ಈ ಸಲ ಸೋರಿದರೆ ಯಾಕೆ ಎಂದು ಬಿಚ್ಚಿ ನೋಡುವವರು ನಾವು, ಬದಲಾಯಿಸುವವರೂ ನಾವು. ಲೇಲ್ಯಾಂಡಿನವರು ಎಲ್60ರ ಜೊತೆ ಇಪ್ಪತ್ತು ವರ್ಷ ಹೆಣಗಿದರಲ್ಲ, ಆ ಹೆಣಗಾಟವೇ ನಮಗೆ ಸಿಗದೇ ಹೋದದ್ದು. ಅವರ ತಪ್ಪುಗಳನ್ನು ನಾವು ಪೆಟ್ಟಿಗೆ ಸಮೇತ ತರಿಸಿಕೊಂಡೆವು, ತಪ್ಪಿನಿಂದ ಕಲಿಯುವ ಹಕ್ಕು ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ಮೈಸೂರಿನ ಆ ಸುದ್ದಿ ಬಂದ ದಿನ ನಮ್ಮ ಗುಂಪಿನಲ್ಲಿ ಒಂದೇ ಒಂದು ಬಾವುಟ ಬಿದ್ದಿರಲಿಲ್ಲ. ನಾನು ಮೇಲೆ ಹೋಗಿ ಹುಡುಕಿ ನೋಡಿದೆ. ಅವತ್ತು ಐಪಿಎಲ್ ಟಿಕೆಟಿನ ಚರ್ಚೆ ನಡೆದಿತ್ತು.

ಆದ್ದರಿಂದ ನನ್ನ ತಿದ್ದುಪಡಿ ಇಷ್ಟು. ಸರ್ಕಲ್ಲಿನಲ್ಲಿ ವಿಜಯಂತ ನಿಲ್ಲಿಸಿ, ನಾನೂ ಚಂದಾ ಕೊಡ್ತೇನೆ. ಆದರೆ ಹಿಂಭಾಗದ ಮುಚ್ಚಳ ತೆಗೆದಿಡಿ. ಒಳಗಿನ ಎಂಜಿನ್ ಕಾಣುವ ಹಾಗೆ ಒಂದು ಬದಿ ಕೊಯ್ದು ಗಾಜು ಹಾಕಿ. ಬಾರ್ಕೂರು, ಶಿರೂರು, ಸಿದ್ದಾಪುರದ ಕಡೆಯ ಶಾಲೆಯ ಮಕ್ಕಳು ಬಂದು ಹನ್ನೆರಡು ಪಿಸ್ಟನ್ ಎಣಿಸಲಿ, ಇದು ಯಾಕೆ ಕೆಡುತ್ತಿತ್ತು ಎಂದು ಕೇಳಲಿ. ಅವರಲ್ಲಿ ಒಬ್ಬಳಿಗಾದರೂ ‘ನಾನಾದರೆ ಹೀಗೆ ಮಾಡ್ತಿರಲಿಲ್ಲ’ ಅನ್ನಿಸಿದರೆ ಚಂದಾ ವಸೂಲಾಯಿತು. ಫಲಕದಲ್ಲಿ ‘ಸ್ವದೇಶಿ’ ಎಂದು ಬರೆಯಬೇಡಿ. ನಕ್ಷೆ ಯಾರದು, ಬೆವರು ಯಾರದು ಎಂದು ಎರಡನ್ನೂ ಬರೆಯಿರಿ.

ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬ ಚರ್ಚೆ ಈಗ ಶುರುವಾಗಿದೆ. ನಾನು ಸಣ್ಣ ಮಾವನ ಹೆಸರು ಹಾಕಿದ್ದೇನೆ. ಮಾವನಿಗೆ ಫೋನ್ ಮಾಡಿ ಎಲ್60ರ ಚಿತ್ರ ಕಳಿಸಿ ವಿವರಿಸಿದೆ: ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್, ಮೇಲೊಂದು ಕೆಳಗೊಂದು ಕ್ರ್ಯಾಂಕ್. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಕೇಳಿದರು: ‘ಮಾಣಿ, ಕೆಳಗಿನ ಕ್ರ್ಯಾಂಕ್ ಬಿಚ್ಚೂಕ್ ಆಯ್ಕಾರೆ ಇಡೀ ಎಂಜಿನ್ನೇ ಎತ್ಕಲ್ದಾ? ಇದನ್ನ್ ಮಾಡ್ವತಿಗೆ ಮೆಕ್ಯಾನಿಕ್ಕಿನತ್ರ ಒಂದ್ ಮಾತ್ ಕೇಂಬುಕಾಗ ಅವ್ರಿಗೆ?’